ಚಿಕ್ಕಮ್ಮನ ಇಲಿಗಳೂ ಚಿಕ್ಕಪ್ಪನ ಮೂತ್ರಕೋಶವೂ

ನಮ್ಮ ಚಿಕ್ಕಮ್ಮನಿಗೆ ಇನ್ನೂರ ನಲವತ್ತು ಇಲಿಗಳು, ಒಬ್ಬ ಗಂಡ. ಹತ್ತೊಂಬತ್ತು ವರ್ಷದಿಂದ ಪ್ರಯೋಗಾಲಯದ ಇಲಿಮನೆಯಲ್ಲಿ ಕೆಲಸ ಮಾಡುವ ಆಕೆ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತಾಳೆ ಎಂದು ನಾವು ರೇಗಿಸುತ್ತಿದ್ದೆವು. ಹೋದ ವರ್ಷ ಅದು ನಿಜವೇ ಆಗಿಹೋಯಿತು.

ಇಲಿಮನೆಗೆ ಆಗ ಹೊಸ ಪ್ರಯೋಗ ಬಂದಿತ್ತು. ಅರ್ಧ ಇಲಿಗಳಿಗೆ ಬರೀ ನೀರು, ಉಳಿದರ್ಧಕ್ಕೆ ಆರ್ಸೆನಿಕ್ ಬೆರೆಸಿದ ನೀರು. ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ, ಅದೇ. ನೀರಿನಲ್ಲಿ ಬೆರೆತರೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕುಡಿದ ಇಲಿಯ ಮೂತ್ರಕೋಶ ಏನಾಗುತ್ತದೆಂದು ನೋಡುವುದು ಪ್ರಯೋಗ ನಡೆಸುವ ಮೇಡಂ ಕೆಲಸ. ಬಾಟಲಿ ತುಂಬಿಸಿ, ಗೂಡಿನಡಿ ಕಾಗದ ಹಾಸಿ, ಉಚ್ಚೆ ಹೊಳೆದು ಕಾಣುವ ನೇರಳೆ ದೀಪ ಹಿಡಿದು ಕಲೆ ಎಣಿಸುವುದು ಚಿಕ್ಕಮ್ಮನ ಕೆಲಸ. ಕೆಲವು ತಿಂಗಳಾದ ಮೇಲೆ ಬರೀ ನೀರಿನ ಕಾಗದದಲ್ಲಿ ದೊಡ್ಡ ಕಲೆಗಳು ನಾಲ್ಕೈದು, ಪಾಷಾಣದ ಕಾಗದದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಕಲೆ. ಅಂದರೆ ಪಾಷಾಣ ಕುಡಿದವು ಗಳಿಗೆಗೊಮ್ಮೆ ಹನಿ ಹನಿ ಉಚ್ಚೆ ಹೊಯ್ಯುತ್ತಿದ್ದವು.

ಅದೇ ವಾರ ಆಕೆಯ ಕಣ್ಣು ಚಿಕ್ಕಪ್ಪನ ಮೇಲೆ ಬಿತ್ತು. ಚಿಕ್ಕಪ್ಪ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ತೋಳು ಹೊಲಿದು ಬಚ್ಚಲಿಗೆ ಎದ್ದರು. ಕಾಲರ್ ಹೊಲಿದು ಮತ್ತೆ ಎದ್ದರು. ಚಿಕ್ಕಮ್ಮನಿಗೆ ಪಾಷಾಣದ ಕಾಗದ ನೆನಪಾಯಿತು. ಮನೆಯವರು ಕುಡಿಯುವುದು ಹಿತ್ತಲಿನ ಬೋರ್‌ವೆಲ್ ನೀರು. ಕೆಲವು ಕಡೆ ನೆಲದಡಿಯ ಕಲ್ಲಿನಿಂದಲೇ ಪಾಷಾಣ ಬೋರ್ ನೀರಿಗೆ ಸೇರುತ್ತದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಪಾಷಾಣ ಹೋಗುವುದಿಲ್ಲ.

ಮಾರನೇ ದಿನವೇ ಬಾಟಲಿಯಲ್ಲಿ ಬೋರ್ ನೀರು ತುಂಬಿ ಪರೀಕ್ಷೆಗೆ ಕೊಟ್ಟಳು. ಫಲಿತಾಂಶಕ್ಕೆ ಹದಿನೈದು ದಿನ. ಅಲ್ಲಿಯವರೆಗೆ ಮನೆಗೆ ಕ್ಯಾನ್ ನೀರು, ಚಿಕ್ಕಪ್ಪ ಹೋದಾಗಲೆಲ್ಲ ಗೀಟು ಹಾಕಲು ಬಚ್ಚಲಿನ ಬಾಗಿಲಿಗೆ ಒಂದು ಪಟ್ಟಿ, ದಾರದಲ್ಲಿ ಕಟ್ಟಿದ ಪೆನ್ಸಿಲ್.

"ನನ್ನ ಬ್ಲೌಸ್ ಆಯ್ತಾ?" ಅಂತ ಪಕ್ಕದ ಮನೆಯಾಕೆ ಬಂದರೆ, "ಕೂತ್ಕೊಳ್ಳಿ, ಒಳಗಿದ್ದಾರೆ. ಇದು ಇವತ್ತಿಗೆ ಒಂಬತ್ತನೇದು," ಅನ್ನುತ್ತಿದ್ದಳು ಚಿಕ್ಕಮ್ಮ.

ಬೀದಿಗೆಲ್ಲ ಲೆಕ್ಕ ಗೊತ್ತಾಯಿತು. ಚಿಕ್ಕಪ್ಪನ ಮಾನ ಮೂರು ಕಾಸಿಗೆ ಹರಾಜಾಯಿತು.

"ನಿನ್ನ ಇಲಿಗಾದ್ರೂ ಒಂದು ಮರ್ಯಾದೆ ಇದೆ ಕಣೇ," ಎಂದು ಗೊಣಗಿದರು.

"ಅವು ಹೇಳಿದ ಮಾತು ಕೇಳ್ತಾವೆ ರೀ. ಎಷ್ಟು ಹೋಯ್ತು ಅಂತಲೂ ಬರೀರಿ."

ಡಾಕ್ಟರು ನೋಡಿ, ವಯಸ್ಸು ಒಂದು, ದಿನಕ್ಕೆ ಹನ್ನೊಂದು ಚಹಾ ಇನ್ನೊಂದು ಅಂದರು. ಚಿಕ್ಕಮ್ಮ ನಂಬಲಿಲ್ಲ. ಇಲಿಗಳೇನು ಚಹಾ ಕುಡಿಯುತ್ತವೆಯೇ?

ಹದಿನಾರನೇ ದಿನ ಸಂಜೆ ಚೀಟಿ ಹಿಡಿದು ಬಂದಳು. ಬೋರ್ ನೀರಿನಲ್ಲಿ ಪಾಷಾಣದ ಸುಳಿವೇ ಇಲ್ಲ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚಿಕ್ಕಪ್ಪ ಪಟ್ಟಿಯನ್ನು ಹರಿದು ಗಾಳಿಗೆ ತೂರಿದರು. ತಿರುಗಿ ನೋಡಿದರೆ, ಚಿಕ್ಕಮ್ಮ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ.

"ಯಾಕೇ, ನೀರು ಚೆನ್ನಾಗಿದೆಯಲ್ಲ?" ಚಿಕ್ಕಪ್ಪ ಗಾಬರಿಯಾದರು.

"ಅಲ್ಲಿ ಇಲಿಗಳಿಗೆ ಪಾಷಾಣದ ನೀರು ಕುಡಿಸೋಳು ನಾನೇ ರೀ. ಬಾಟಲಿ ತಂದ್ರೆ ಸಾಕು, ಓಡಿ ಬರ್ತಾವೆ ಪಾಪ. ಇಲ್ಲೂ ಇಷ್ಟು ವರ್ಷ ಇದೇ ಕೈಯಿಂದ ನಿಮಗೆ ಅದನ್ನೇ ಕುಡಿಸಿಬಿಟ್ಟೆನೇನೋ ಅಂತ…"

ಚಿಕ್ಕಪ್ಪ ಅಡುಗೆಮನೆಯಿಂದ ಖಾಲಿ ಲೋಟ ತಂದು ಆಕೆಯ ಕೈಗಿಟ್ಟರು.

"ಬೋರಿಂದೇ ತಗೊಂಡು ಬಾ. ನೀನೇ ಕೊಡು."

ಚಿಕ್ಕಮ್ಮ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ತುಂಬಿ ತಂದ ಲೋಟ ಚಾಚಿದಳು; ಅರ್ಧ ನೀರು ಅವರ ಅಂಗಿಯ ಮೇಲೇ ಚೆಲ್ಲಿತು. ಉಳಿದದ್ದನ್ನು ಗಟಗಟನೆ ಕುಡಿದು ಚಿಕ್ಕಪ್ಪ ಇನ್ನೊಂದು ಲೋಟ ಕೇಳಿದರು.