ರಸ್ತೆಗೆ ಹಾಸು ಕಟ್ಟಿದ ಆದಿಲಕ್ಷ್ಮಕ್ಕ

ಆದಿಲಕ್ಷ್ಮಕ್ಕ ನಮ್ಮ ಎದುರುಮನೆಯವಳು. ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೋಗಿದ್ದಳು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಾಗ ಅತ್ತು ಕೂರಲಿಲ್ಲ. ತನ್ನ ಲಾಳಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ತವರಿಗೆ ಬಂದಳು. ಈಗ ಅವಳ ಮಗ್ಗದ ಸದ್ದಿಲ್ಲದೆ ನನ್ನ ಕೂಸು ಮಲಗುವುದಿಲ್ಲ.

ಈ ವರ್ಷ ಹಿಂದೂಪುರದಿಂದ ಬರುವ ಸಂಜೆ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಕಾಲೇಜಿನ ಹುಡುಗಿಯರು ಮುಂದಿನ ಊರಿನಲ್ಲಿ ಇಳಿದು ಕತ್ತಲಲ್ಲಿ ನಡೆದು ಬರಬೇಕಾಯಿತು. ಒಂದು ಸಂಜೆ ನನ್ನ ನಾದಿನಿ ಬನಶ್ರೀಯ ಹಿಂದೆಯೇ ಯಾರೋ ಬೈಕಿನಲ್ಲಿ ನಿಧಾನವಾಗಿ ಬಂದರು. ಅದನ್ನು ಕೇಳಿದ ಮಾವ, "ಬಸ್ಸು ನಿಲ್ಲೋ ಹಂಗಿದ್ರೆ ಓದು, ಇಲ್ದಿದ್ರೆ ಸಾಕು," ಎಂದುಬಿಟ್ಟರು.

ಅತ್ತೆ ನಾರಮ್ಮ ಸುಮ್ಮನಿರುವವರಲ್ಲ. ಮನೆಮನೆಗೂ ಹೋಗಿ ತಾಯಂದಿರ ಧರಣಿಗೆ ಜನ ಸೇರಿಸಿದರು. "ತಾಯಂದಿರು ಕೂತ್ರೆ ಪೊಲೀಸೂ ಮೈಮುಟ್ಟಲ್ಲ ಕಣ್ರೇ," ಎನ್ನುವುದು ಅವರ ಧೈರ್ಯ. ಆದಿಲಕ್ಷ್ಮಕ್ಕ ತಾನೂ ಬರುತ್ತೇನೆಂದಾಗ ಮಾತ್ರ ತಡೆದರು.

"ನೀನ್ಯಾಕೆ ಬತ್ತೀಯ ಆದಿ? ನಿನ್ ಮಗ್ಳು ಯಾರಮ್ಮ ಅಂತ ಆಫೀಸರ್ ಕೇಳಿದ್ರೆ ಏನಂತೀಯ?"

"ಧರಣಿಗೆ ಬರಲ್ಲ ಬಿಡು ನಾರಮ್ಮತ್ತೆ. ನೂಲಿಗೆ ಗಂಜಿ ಹಾಕ್ಬೇಕು, ಬೀದೀಲಿ ಜಾಗ ಸಾಲ್ದು. ರೋಡಲ್ಲೇ ಹಾಕ್ಕೊತೀನಿ."

ಸೀರೆಯ ಉದ್ದದೆಳೆಗಳನ್ನು ನಾವು ಹಾಸು ಅನ್ನುತ್ತೇವೆ. ಅದನ್ನು ಬೀದಿಗೆ ಎಳೆದು ಕಟ್ಟಿ ಗಂಜಿ ಬಳಿಯುವುದು ನಮ್ಮ ನೇಕಾರರ ಪದ್ಧತಿ. ಕಟ್ಟಿದ ಹಾಸನ್ನು ಯಾರೂ ದಾಟುವುದಿಲ್ಲ. ಮದುವೆ ದಿಬ್ಬಣವಾದರೂ ಸುತ್ತಿ ಹೋಗಬೇಕು.

ಧರಣಿಯ ದಿನ ಬೆಳಿಗ್ಗೆ ಅದೇ ಬಸ್ಸು ಹಿಂದೂಪುರಕ್ಕೆ ಹೊರಟು ಬಂದಾಗ ತಾಯಂದಿರೆಲ್ಲ ರಸ್ತೆಯಂಚಿನಲ್ಲಿ ಕೂತಿದ್ದೆವು. ರಸ್ತೆಗೆ ಅಡ್ಡಲಾಗಿ, ಬೇವಿನ ಮರದಿಂದ ಕರೆಂಟು ಕಂಬದವರೆಗೆ, ಬಿಳಿ ಹಾಸು ಬಿಗಿಯಾಗಿ ನಿಂತಿತ್ತು. ಡ್ರೈವರ್ ಓಬುಳಪತಿಯೂ ಮಗ್ಗದ ಮನೆಯವನೇ. ಬ್ರೇಕ್ ಹಾಕಿ ಇಂಜಿನ್ನೂ ಆರಿಸಿದ.

"ಹುಡುಗೀರ್ಗೆ ನಿಲ್ಲಿಸ್ದೇ ಇದ್ದೋನು ನೂಲಿಗೆ ನಿಲ್ಸಿದ್ಯಲ್ಲೋ!" ಎಂದು ಅತ್ತೆ ಕೂಗಿದರು.

ಬಸ್ಸಿನೊಳಗಿಂದ ಯಾರೋ ರೇಗಿದರು: "ದಾರ ತಾನೇ, ಎತ್ತಿ ಬಿಸಾಕಿ!"

"ಗಂಜಿ ಹಸಿ ಐತೆ ಕಣಪ್ಪ, ಒಣಗೋವರ್ಗೂ ಎತ್ತಂಗಿಲ್ಲ," ಎಂದು ಆದಿಲಕ್ಷ್ಮಕ್ಕ ಕುಂಚ ಎಳೆಯುತ್ತಲೇ ಇದ್ದಳು.

ಕೊನೆಗೆ ಜೀಪಿನಲ್ಲಿ ಬಸ್ ಡಿಪೋದ ಆಫೀಸರ್ ಬಂದರು. "ತಲ್ಲುಲಂಟೇ ದೇವತಲಮ್ಮಾ," ಎಂದು ತೆಲುಗಿನಲ್ಲಿ ಕೈಮುಗಿದರು. ತಾಯಂದಿರೆಂದರೆ ದೇವತೆಗಳು, ದೇವತೆಗಳು ಬೀದಿಯಲ್ಲಿ ಕೂರಬಾರದು, ಮನೆಯಲ್ಲಿ ಮಕ್ಕಳು ಹಸಿದಿರುತ್ತಾರೆ, ನಾನು ನೋಡುತ್ತೇನೆ, ನಡೆಯಿರಿ ಎಂದರು. ಹೊಗಳಿಕೆ ಎಷ್ಟು ಮೆತ್ತಗಿತ್ತೆಂದರೆ ಒಬ್ಬೊಬ್ಬರೇ ಎದ್ದರು. ಕೂಸು ಅಳುತ್ತಿತ್ತು, ನಾನೂ ಎದ್ದೆ.

"ನಂಗೆ ಮಕ್ಕಳಿಲ್ಲ ಸಾರ್," ಎಂದಳು ಆದಿಲಕ್ಷ್ಮಕ್ಕ. "ನಾನ್ಯಾಕೆ ಮನೆಗೆ ಹೋಗ್ಲಿ?"

ಆಫೀಸರ್ ಅವಳಿಗೂ ಕೈಮುಗಿಯಹೋದರು.

"ದೇವತೆ ಗೀವತೆ ಬ್ಯಾಡ. ಬಸ್ಸಿಗೆ ಕಾಯೋ ಹೆಂಗ್ಸು ನಾನು. ನಿಲ್ಲಿಸ್ತೀರೋ ಇಲ್ವೋ, ಅಷ್ಟ್ ಹೇಳಿ."

ಬಸ್ಸಿನೊಳಗೆ ನಗು ಎದ್ದಿತು. ಅತ್ತೆ ಸೀರೆ ಸರಿಮಾಡಿಕೊಂಡು ಮತ್ತೆ ಕೂತರು, ಈ ಸಲ ಆದಿಲಕ್ಷ್ಮಕ್ಕನ ಪಕ್ಕದಲ್ಲೇ. "ಇವ್ಳು ಮನೆಗೆ ಹೋದಾಗ್ಲೇ ನಾವೂ ಏಳೋದು ಸಾರ್." ನಾನು ರಸ್ತೆಯಲ್ಲೇ ಸೆರಗು ಹೊದ್ದು ಕೂಸಿಗೆ ಹಾಲು ಕೊಟ್ಟೆ. ಅಷ್ಟು ನೆಟ್ಟಗೆ ನಾನು ಎಂದೂ ಕೂತಿರಲಿಲ್ಲ. ಆಫೀಸರ್ ಯಾರಿಗೋ ಫೋನ್ ಮಾಡಿ, ಎಲ್ಲರೆದುರೇ ಓಬುಳಪತಿಗೆ ಹೇಳಿದರು: ಇವತ್ತಿನಿಂದ ಇಲ್ಲಿ ನಿಲ್ಲಿಸಬೇಕು. ಗಂಜಿ ಒಣಗಿದ ಹಾಸನ್ನು ಬಿಚ್ಚಿದ ಮೇಲೆ ಬನಶ್ರೀ ಅದೇ ಬಸ್ಸು ಹತ್ತಿ ಕಾಲೇಜಿಗೆ ಹೋದಳು.

ಸಂಜೆ ಬಸ್ಸು ನಿಂತಿತು. ಬನಶ್ರೀ ಇಳಿದವಳೇ ಓಡಿದ್ದು ಆದಿಲಕ್ಷ್ಮಕ್ಕನ ಮನೆಗೆ. ಕೂಸನ್ನೆತ್ತಿಕೊಂಡು ನಾನೂ ಹೋದೆ.

"ಅಕ್ಕಾ, ಬೆಳಿಗ್ಗೆ ನಡೆದಿದ್ದು ಹೇಳಿದ್ಕೆ ನಮ್ ಮೇಡಂ ಅದ್ನೇ ಸ್ತ್ರೀವಾದ ಅಂದ್ರು."

"ಅಂಗಂದ್ರೆ ಏನೇ?"

"ನೀನು ಯಾರ ಹೆಂಡ್ತಿ, ಯಾರ ತಾಯಿ ಅಂತ ಕೇಳ್ದೆ ನಿನ್ ಮಾತು ಕೇಳೋದು."

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದು ಕೂತರು. "ಅಂಗಾರೆ ಮುಂದಿನ್ಸಲ ತಾಯಂದಿರ ಧರಣಿ ಅನ್ನೋದು ಬ್ಯಾಡ. ಹೆಂಗಸ್ರು ಅಂದ್ರೆ ಸಾಕು."

"ಮುಂದಿನ್ಸಲ ಬೇರೆ ಐತಾ? ನನ್ ನೂಲೆಲ್ಲ ಧೂಳಾಗೈತೆ ನಾರಮ್ಮತ್ತೆ!"

ಅಷ್ಟರಲ್ಲಿ ನಮ್ಮ ಜಗಲಿಯಿಂದ ಮಾವನ ದನಿ ಕೇಳಿತು: "ಬನಶ್ರೀ, ನಾಳೆ ಕಾಲೇಜಿಗೆ ಎಷ್ಟೊತ್ತಿಗೆ ಹೋಯ್ತೀಯಮ್ಮ?"