ಮಳೆಗೆ ಮೊದಲು ಸಾರಿಸಿದ ಅಂಗಳ

ಚಿಂತೆ ಮಾಡುವವನಿಗೆ ಅದಕ್ಕೇ ಸಂಬಳ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಕಲ್ಯಾಣದಲ್ಲಿ ಲೋಕಲ್ ರೈಲು ಇಳಿದು, ಎಸ್‌ಟಿ ಬಸ್ಸು ಹತ್ತಿ, ಗುಡ್ಡದ ಹನ್ನೊಂದು ವಾಡಿಗಳನ್ನು, ಅಂದರೆ ನಾಲ್ಕಾರು ಮನೆಗಳ ಪುಟ್ಟ ಹಳ್ಳಿಗಳನ್ನು, ನೋಡಿ ಬರಬೇಕಿತ್ತು. ಮಳೆಗಾಲದಲ್ಲಿ ಎಲ್ಲಿ ಗುಡ್ಡ ಜರಿದೀತು, ಎಲ್ಲಿ ಹೊಳೆ ನುಗ್ಗೀತು ಎಂದು ನಕ್ಷೆಗೆ ಬಣ್ಣ ಹಚ್ಚುವ ಕೆಲಸ. ಕೆಂಪು ಬಿದ್ದ ವಾಡಿಯವರು ಮಳೆ ಮುಗಿಯುವವರೆಗೆ ಕೆಳಗಿನ ಶಾಲೆಯಲ್ಲಿರಬೇಕು.

ಡೊಂಬಿವಲಿಯ ಮೂರನೇ ಮಹಡಿಯಲ್ಲಿ ಕೂತು ನೆರೆಗೆ ಹೆದರುವವನು ನಾನು. ಹತ್ತಕ್ಕೂ ಕೆಂಪು ಬಳಿದೆ. ತುದಿಯ ವಾಡಿಗೆ ಮಾತ್ರ ಹಸಿರು. ಅಲ್ಲಿ ಒಬ್ಬ ಆಜಿ ನನಗೆ ಚಹಾ ಕೊಟ್ಟಿದ್ದಳು. ಅವಳ ಅಂಗಳವೋ, ಸಗಣಿ ಸಾರಿಸಿ, ರಂಗೋಲಿ ಎಳೆದು, ಎಷ್ಟು ಚೆಂದ! ಅಂಥ ಜಾಗಕ್ಕೆ ಏನಾದೀತು ಅನಿಸಿತು.

ನಮ್ಮ ಸಾಹೇಬರು ನಕ್ಷೆ ವಾಪಸ್ ಕೊಟ್ಟರು. "ಶಾಲೆಯಲ್ಲಿ ಜಾಗ ಇರೋದು ಎರಡು ವಾಡಿಗೆ. ನೀವು ಇಡೀ ತಾಲೂಕನ್ನೇ ಅಡ್ಮಿಷನ್ ಮಾಡಿಸ್ತೀರಲ್ರೀ! ಯಾರನ್ನು ಮೊದಲು ಇಳಿಸಲಿ?"

ಮುಖ ಬಾಡಿಸಿಕೊಂಡು ಮನೆಗೆ ಬಂದು, ಒಂದಾದರೂ ಸರಿ ಮಾಡಿದ್ದೇನೆ ಎಂದು ಹೆಂಡತಿಗೆ ಆ ಅಂಗಳದ ಫೋಟೋ ತೋರಿಸಿದೆ. ಅವಳು ಉಡುಪಿ ಕಡೆಯ ಹಳ್ಳಿಯಲ್ಲಿ ಬೆಳೆದವಳು.

"ಎಂತದು ಮಾರಾಯ್ರೆ ಇದು? ಇನ್ನೆಂಟು ದಿನಕ್ಕೆ ಮಳೆ. ಈಗ ಯಾರಾದ್ರೂ ಅಂಗಳ ಸಾರಿಸ್ತಾರಾ? ಎಲ್ಲ ತೊಳ್ದು ಹೋಗುದಿಲ್ವಾ? ಮಳೆ ಬಿಟ್ಟ ಮೇಲಲ್ವಾ ಸಾರಿಸುದು?"

ಫ್ಲ್ಯಾಟಿನಲ್ಲೇ ಹುಟ್ಟಿ ಬೆಳೆದವನಿಗೆ ಇದೆಲ್ಲ ಎಲ್ಲಿ ಗೊತ್ತು? ಹಾಗಾದರೆ ಆಜಿ ಈಗಲೇ ಸಾರಿಸಿದ್ದು ಏನನ್ನು ಮುಚ್ಚಲು?

ಮರುದಿನವೇ ಓಡಿದೆ. ಆಜಿ ಕುಡಿಯಲು ಕೊಟ್ಟ ನೀರನ್ನು ಅಂಗಳಕ್ಕೆ ಸುರಿದೆ. ಅದು ಇಳಿಜಾರಿಗೆ ಹರಿಯಲಿಲ್ಲ. ನಡು ಅಂಗಳದಲ್ಲಿ ಗೆರೆ ಕೊರೆದಂತೆ ನಿಂತು, ಒಳಗೆ ಇಳಿದುಹೋಯಿತು. ಸಗಣಿಯ ಕೆಳಗೆ ಅಂಗಳದ ಈ ತುದಿಯಿಂದ ಆ ತುದಿವರೆಗೆ ಬಿರುಕು. ನಾನು ಹಾರಿ ತುಳಸಿಕಟ್ಟೆ ಹಿಡಿದೆ. ಅದೂ ಬಿರುಕಿನ ಆಚೆ, ಜರಿಯುವ ಕಡೆಗೇ ಇತ್ತು.

ಆಜಿ ನಕ್ಕಳು. "ವರ್ಷವರ್ಷವೂ ಬಿರುಕು ಬಿಡ್ತದೆ ಸಾಹೇಬ, ನಾನು ಮುಚ್ಚುತ್ತೇನೆ. ಈ ಸಲ ಮಾತ್ರ ಬುಟ್ಟಿಗಟ್ಟಲೆ ಮಣ್ಣು ನುಂಗಿತು."

"ಮೊದಲೇ ಯಾಕೆ ಹೇಳಲಿಲ್ಲ ಆಜಿ?"

"ಹೇಳಿದರೆ ಶಾಲೆಗೆ ಹೋಗು ಅಂತೀಯ. ನನ್ನ ಎಮ್ಮೆಯನ್ನು ಯಾವ ಕ್ಲಾಸಿಗೆ ಸೇರಿಸ್ತಾರೆ?"

ಶಾಲೆಯ ಮೇಷ್ಟ್ರು ಗುರೂಜಿಯ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಗೋಗರೆದು, ಶಾಲೆಯ ಹಿಂದಿನ ಶೆಡ್ಡನ್ನು ಎಮ್ಮೆಗೆ ಕೊಡಿಸಿದೆ. ತುದಿಯ ವಾಡಿಗೂ ಕೆಂಪು ಬಿತ್ತು, ಅಲ್ಲಿಯವರೆಲ್ಲ ಇಳಿದರು. ನಿಜವಾದ ಅಪಾಯ ಹೇಗಿರುತ್ತದೆಂದು ಒಮ್ಮೆ ನೋಡಿದ ಮೇಲೆ ಉಳಿದ ಹತ್ತನ್ನೂ ಇನ್ನೊಮ್ಮೆ ಸುತ್ತಿದೆ. ಹೊಳೆದಂಡೆಯ ಒಂದು ವಾಡಿ ಬಿಟ್ಟು ಮಿಕ್ಕವುಗಳ ಕೆಂಪು ಅಳಿಸಿದೆ.

ಜುಲೈಯಲ್ಲಿ ಒಂದು ಬೆಳಿಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಗುರೂಜಿಯ ಫೋನು ಬಂತು. ಮಾತಾಡಿದ್ದು ಆಜಿ.

"ಸಾಹೇಬ, ಅಂಗಳ ಹೋಯಿತು. ಮನೆಯೂ ಹೋಯಿತು."

"ಜನ?"

"ಎಲ್ಲ ಇಲ್ಲೇ ಇದ್ದೇವಲ್ಲ. ಎಮ್ಮೆ ಗುರೂಜಿಯ ಹಾಜರಿ ಪುಸ್ತಕ ತಿಂದಿತು. ಬೈಯ್ತಿದ್ದಾರೆ. ನೀನೇ ಹೇಳು ಅವರಿಗೆ."

ಬೆಂಚಿನ ಮೇಲೆ ಕೂತುಬಿಟ್ಟೆ. ಎರಡು ಫಾಸ್ಟ್ ಗಾಡಿ ಹೋದವು. ಗುರೂಜಿ ಹತ್ತು ನಿಮಿಷ ಎಮ್ಮೆಯ ಮೇಲೆ ದೂರು ಹೇಳಿದರು. ಅಷ್ಟು ಸಂತೋಷದಿಂದ ನಾನು ಯಾರಿಂದಲೂ ಬೈಸಿಕೊಂಡಿಲ್ಲ.