ಉಮೇಶನ ಮಂಡಿ, ನನ್ನ ಬಲಗಾಲು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂತಂತೆ. ಅದೊಂದೇ ನನ್ನ ವಿದ್ಯೆ. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮ ಮಾವಳ್ಳಿಯಲ್ಲಿ ನಂಬಿಕೆ. ಸೊಂಟ ಹಿಡಿದವರೆಲ್ಲ ಬಂದು ನನ್ನ ಜಗಲಿಯಲ್ಲಿ ಬೋರಲು ಮಲಗುತ್ತಾರೆ; ಅವರೆಲ್ಲ ಮಾದೇವಕ್ಕ ಎಂದು ಕರೆಯುವ ನಾನು ಬಲಗಾಲಲ್ಲಿ ಮೂರು ಸಲ ಮೆಲ್ಲಗೆ ಒದ್ದು ಕಳಿಸುತ್ತೇನೆ. ಎರಡು ದಿನಕ್ಕೆ ತಾನಾಗಿಯೇ ಹೋಗುವ ನೋವು ಅದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ. ನನಗದು ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಊರವರು ಕೊಡುವ ಮರ್ಯಾದೆ ಯಾರಿಗೆ ಬೇಡ?

ಉಮೇಶ ನನ್ನ ತಮ್ಮನ ಮಗ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ, ಭಾನುವಾರ ಬಂದರೆ ಕಬಡ್ಡಿ. ಅವನು ರೇಡಿಗೆ ಹೊರಟರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಪ್ರತಿ ಆಟದ ಮೊದಲೂ ಬಂದು, "ಅತ್ತೆ, ಒಂದು ಒದೆ ಕೊಡು, ಉಳುಕೂದಿಲ್ಲ" ಎಂದು ಕಾಲು ಚಾಚುತ್ತಿದ್ದ. ಉಳಿದವರು ಮೈ ಬಿಸಿ ಮಾಡಿಕೊಳ್ಳಲು ಓಡುತ್ತಿದ್ದರೆ ಇವನು ಕೂತು ಸೋಡಾ ಕುಡಿಯುತ್ತಿದ್ದನಂತೆ.

ಎರಡು ವರ್ಷದ ಹಿಂದೆ ಹೊನ್ನಾವರದ ಪಂದ್ಯದಲ್ಲಿ ನಾಲ್ಕು ಜನ ಮೇಲೆ ಬಿದ್ದು ಅವನ ಬಲ ಮಂಡಿ ತಿರುಚಿತು. ಲಿಗಮೆಂಟು ಅರ್ಧ ಹರಿದಿದೆ, ಆರು ತಿಂಗಳು ಆಟ ಬೇಡ, ದಿನಾ ವ್ಯಾಯಾಮ ಮಾಡು, ಇಲ್ಲದಿದ್ದರೆ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ವ್ಯಾಯಾಮದ ಚೀಟಿಯನ್ನು ಅವನ ಹೆಂಡತಿ ವಿನುತಾ ಗೋಡೆಗೆ ಅಂಟಿಸಿದಳು. ಎರಡು ವಾರ ಮಾಡಿದ. ಊತ ಇಳಿದದ್ದೇ ಚೀಟಿಯ ಕಡೆ ನೋಡುವುದನ್ನೂ ಬಿಟ್ಟ.

ಎರಡು ತಿಂಗಳಾಗಿತ್ತಷ್ಟೆ, ನನ್ನ ಜಗಲಿಗೆ ಬಂದ.

"ನಾಳೆ ಫೈನಲ್, ಅತ್ತೆ. ಒಂದ್ಸಲ ಒದ್ದುಬಿಡು."

"ಡಾಕ್ಟರು ಎಂತ ಹೇಳಿದ್ರು?"

"ಅವರಿಗೆಂತ ಗೊತ್ತು? ನೋವಿಲ್ಲ. ಒಳಗೆ ಒಂದು ಹೆದರಿಕೆ ಕೂತದೆ. ಅದನ್ನ ನೀನೇ ತೆಗೀಬೇಕು."

ಆ ಹೆದರಿಕೆಯೇ ಅವನ ಕಾಲನ್ನು ಕಾಯುತ್ತಿತ್ತು. ಅದು ನನಗೆ ಈಗ ಹೊಳೆಯುತ್ತದೆ, ಹಾಳಾದ ಬುದ್ಧಿ! ಆವತ್ತು ಅವನ ಮುಖ ನೋಡಿ ಇಲ್ಲ ಅನ್ನಲಾಗದೆ ಮೂರು ಸಲ ಒದ್ದೆ. "ಆತು, ಹೋತು ನೋಡು!" ಎಂದು ಎದ್ದು ಜಿಗಿದ.

ಮರುದಿನ ಎರಡನೇ ರೇಡಿಗೇ ಮಂಡಿ ಹೋಯಿತು. ಆಪರೇಷನ್ ಆದರೂ ಕಾಲು ಪೂರ್ತಿ ಮಡಚುವುದಿಲ್ಲ. ಏಣಿ ಹತ್ತಲಾರ. ಕೈಗೆಟುಕುವಷ್ಟು ಗೋಡೆಗೆ ಇವನ ಬಣ್ಣ, ಮೇಲಿನದಕ್ಕೆ ಇನ್ನೊಬ್ಬರು.

ವ್ಯಾಯಾಮ ಮಾಡಿದರೆ ಇನ್ನೂ ಸ್ವಲ್ಪ ಸುಧಾರಿಸೀತು ಎಂದು ಡಾಕ್ಟರು ಈಗಲೂ ಹೇಳುತ್ತಾರೆ. ಹೋದ ತಿಂಗಳು ನಾನು ಧೈರ್ಯ ಮಾಡಿ, ಅವನನ್ನು ಕೂರಿಸಿಕೊಂಡು ಹೇಳಿದೆ.

"ಉಮೇಶ, ನನ್ನ ಕಾಲಲ್ಲಿ ಎಂತದೂ ಇಲ್ಲ ಮಾರಾಯ. ಯಾವತ್ತೂ ಇರಲಿಲ್ಲ. ನೀನು ವ್ಯಾಯಾಮ ಮಾಡು."

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ.

"ಹಂಗಾರೆ ಅವತ್ತು ನೀನು ನಂಬಿಕೆ ಇಲ್ಲದೇ ಒದ್ದದ್ದು. ಅದ್ಕೇ ಹಿಂಗಾತು," ಎಂದ. ಎರಡೂ ಕೈಯಲ್ಲಿ ಕಾಲನ್ನೆತ್ತಿ ನನ್ನ ಮುಂದಿಟ್ಟ. "ಈ ಸಲ ನಂಬಿ ಒದಿ, ಅತ್ತೆ."

ಈಗ ದಿನಾ ಬೆಳಿಗ್ಗೆ ಬರುತ್ತಾನೆ. ಬಾಗಿಲು ಹಾಕಿಕೊಂಡರೆ, ನಾನು ತೆಗೆಯುವವರೆಗೂ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಾನೆ.